ಹದಿನೇಳನೇ ಕೊಳವೆಗೆ ರೊಟ್ಟಿ

ನಿಮ್ಮ ದೊಡ್ಡ ಕರುಳಿನ ಉಗುರಿನಷ್ಟು ಚೂರೊಂದು ಊರ ಹೊರಗಿನ ಕಟ್ಟಡದಲ್ಲಿ, ಗಾಜಿನ ಕೊಳವೆಯೊಳಗೆ ಬೆಚ್ಚಗೆ ಬದುಕಿದೆ ಎಂದುಕೊಳ್ಳಿ. ನೀವು ಮನೆಯಲ್ಲಿ ಉಂಡದ್ದನ್ನೇ ಅದಕ್ಕೂ ಉಣಿಸುತ್ತಾರೆ. ನೀವು ನುಂಗಿದ ಗುಳಿಗೆಯನ್ನೇ ಅದಕ್ಕೂ ಹಾಕುತ್ತಾರೆ. ನಿಮಗೆ ಹೊಟ್ಟೆ ಉರಿಯುವುದಕ್ಕೆ ಮೂರು ದಿನ ಮೊದಲೇ ಅದು ಉರಿಯುತ್ತದೆ. ಅದು ಚೇತರಿಸಿಕೊಂಡರೆ ನಿಮ್ಮ ಡಾಕ್ಟರು ನಗುತ್ತಾರೆ. ಅದು ಸತ್ತರೆ ನಿಮ್ಮ ಕರುಳು ಕೊಯ್ಯುವ ತಾರೀಖು ಬರೆಯುತ್ತಾರೆ.

ಆ ಉಣಿಸುವವನು ನಾನು. ಹೆಸರು ಫಕೀರೇಶ. ಗದಗದ ಹೊರಗೆ, ಗಾಳಿಯಂತ್ರಗಳ ಸಾಲಿನ ಬುಡದಲ್ಲಿ ಒಂದು ಕರುಳು ಸಂಶೋಧನಾಲಯವಿದೆ. ಅಲ್ಲಿ ಇಪ್ಪತ್ನಾಲ್ಕು ರೋಗಿಗಳ ಇಪ್ಪತ್ನಾಲ್ಕು ಕೊಳವೆಗಳಿಗೆ ದಿನಕ್ಕೆ ಮೂರು ಸಲ ಊಟ ಹಾಕುವುದು, ಹೊರಬಿದ್ದದ್ದನ್ನು ತೊಳೆಯುವುದು ನನ್ನ ಕೆಲಸ. ಕಾಗದದಲ್ಲಿ ಅದಕ್ಕೊಂದು ಮಾರುದ್ದದ ಹೆಸರಿದೆ. ಕಂಟ್ರೋಲ್ ರೂಮಿನ ಪ್ರಲ್ಹಾದ ಸರ್ ಮಾತ್ರ ನನ್ನನ್ನು ಕರೆಯುವುದು ‘ಅಡಗಿ ಭಟ್ಟ’ ಅಂತ.

ಕೊಳವೆಗೆ ನಾವು ‘ಅವಳಿ’ ಅನ್ನುತ್ತೇವೆ. ಮೊಳದುದ್ದ, ಮುಂಗೈ ದಪ್ಪ. ಒಳಮೈ ತುಂಬ ರೋಗಿಯದೇ ಕರುಳಿನ ಪದರ, ಚೂರು ಕತ್ತರಿಸಿ ತಂದು ಬೆಳೆಸಿದ್ದು. ಅದರೊಳಗೆ ರೋಗಿಯದೇ ಸೂಕ್ಷ್ಮಜೀವಿಗಳು. ಅವನ್ನು ಎಲ್ಲಿಂದ ತಂದರೆಂದು ಬಿಡಿಸಿ ಹೇಳಬೇಕಿಲ್ಲ. ಪದರಕ್ಕೆ ಒಂದು ಬಣ್ಣ ಕುಡಿಸಿರುತ್ತಾರೆ. ಅದು ಹೊಟ್ಟೆತುಂಬ ಉಂಡಿದ್ದರೆ ಹಸಿರಾಗಿ ಬೆಳಗುತ್ತದೆ, ಉರಿಯುತ್ತಿದ್ದರೆ ಕೆಂಪಾಗಿ. ಆ ಕೋಣೆಗೆ ಕಿಟಕಿಯಿಲ್ಲ. ಹೊರಗೆ ರಣಬಿಸಿಲಿದ್ದಾಗಲೂ ಒಳಗೆ ಕತ್ತಲೆ, ಕತ್ತಲೆಯಲ್ಲಿ ಇಪ್ಪತ್ನಾಲ್ಕು ದೀಪ.

ಸೇರಿದ ಮೊದಲ ವಾರವೇ ಡಾಕ್ಟರ್ ತಹಸೀನಾ ಮುಳಗುಂದ ಮೇಡಂ, ಅಂದರೆ ಈ ಅವಳಿಗಳನ್ನು ಕಟ್ಟಿದವರು, ನನ್ನ ತಲೆ ಹಿಡಿದು ಲೆನ್ಸಿಗೆ ಕಣ್ಣು ಹಚ್ಚಿಸಿದರು.

“ಏನ್ ಕಾಣಸ್ತೈತಿ?”

“ಹುಳಾ ರೀ. ಥೂ!”

“ಥೂ ಅನಬ್ಯಾಡ. ನಿನ್ನ ಹೊಟ್ಯಾಗೂ ಅದಾವು. ಮೂವತ್ತೆಂಟು ಲಕ್ಷ ಕೋಟಿ. ಎಣಸಾಕ ಕುಂತ್ರ ನಿನ್ನ ಮರಿಮಕ್ಕಳ ಕಾಲಕ್ಕೂ ಮುಗಿಯಂಗಿಲ್ಲ.”

ಅವು ಸುಮ್ಮನಿರಲಿಲ್ಲ. ಕಡ್ಡಿಯಂಥವು, ಮಣಿಸರದಂಥವು, ಬಾಲ ಬೀಸುವಂಥವು. ಒಂದು ಬಿಟ್ಟದ್ದನ್ನು ಇನ್ನೊಂದು ಎತ್ತಿಕೊಳ್ಳುತ್ತಿತ್ತು. ಸಂತೆಯ ದಿನ ಗುಡ್ಡದ ಮೇಲಿಂದ ಊರನ್ನು ನೋಡಿದ ಹಾಗಿತ್ತು.

ಮೇಡಂ ಹೇಳಿದರು. ಕೈಗೆ, ಕಾಲಿಗೆ, ಮಿದುಳಿಗೆ ರಕ್ತವೇ ಊಟ ಒಯ್ದು ಕೊಡುತ್ತದೆ. ದೊಡ್ಡ ಕರುಳಿನ ಗೋಡೆ ಮಾತ್ರ ಬೇರೆ ಜಾತಿ. ಅದು ರಕ್ತದ ಊಟವನ್ನು ಹೆಚ್ಚು ನೆಚ್ಚುವುದಿಲ್ಲ. ನಾವು ಅರಗಿಸಲಾರದೆ ಕೆಳಗೆ ಬಿಟ್ಟ ನಾರನ್ನು ಈ ಜೀವಿಗಳು ಹುಳಿ ಬರಿಸಿ ಒಂದು ಆಮ್ಲ ಮಾಡುತ್ತವೆ. ಹಳಸಿದ ಬೆಣ್ಣೆಗೆ ಬರುತ್ತದಲ್ಲ ವಾಸನೆ, ಆ ಆಮ್ಲ. ಗೋಡೆ ಉಣ್ಣುವುದು ಅದನ್ನು.

“ಅಂದ್ರ ಗೋಡಿಗೆ ಅಡಗಿ ಮಾಡಿ ನೀಡೋವು ಇವ ಏನ್ರಿ?”

“ಇವ. ಸಾಮಾನು ನಾವು ಕಳಸಬೇಕು, ಅಷ್ಟ.”

“ಕಳಸದಿದ್ರ?”

ಮೇಡಂ ಲೆನ್ಸನ್ನು ಪಕ್ಕದ ಕೆಂಪು ಕೊಳವೆಗೆ ಸರಿಸಿದರು. ಗೋಡೆಯ ಮೇಲೆ ನುಣ್ಣನೆಯ ಲೋಳೆಯ ಪದರ ಇರಬೇಕಿತ್ತು. ಅಲ್ಲಲ್ಲಿ ತೂತು ಬಿದ್ದಿತ್ತು. ತೂತಿನ ಅಂಚಿಗೆ ಅವು ಸಾಲುಗಟ್ಟಿ ಕೂತಿದ್ದವು.

“ಹಸಿದವು ಏನ್ ಮಾಡ್ತಾವು? ಲೋಳಿ ಕೆರಕೊಂಡು ತಿಂತಾವು. ಅದು ತೀರಿತು ಅಂದ್ರ ಗೋಡಿ ಹತ್ರ ಬರ್ತಾವು. ಗೋಡಿ ಹೊಯ್ಕೋತೈತಿ. ಆ ಹೊಯ್ಕೊಳ್ಳೋದಕ್ಕ ನಾವು ಉರಿ ಅಂತೇವಿ.”

ಏಳನೇ ಇಯತ್ತೆಯಲ್ಲಿ ಮಾಸ್ತರು ಕರುಳೆಂದರೆ ಇಷ್ಟು ಅಡಿ ಉದ್ದದ ಕೊಳವೆ ಎಂದು ಬರೆಸಿದ್ದರು. ನಾನು ಅಡಿ ತಪ್ಪು ಬರೆದದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸಿದ್ದರು. ಮರುದಿನದಿಂದ ನಾನು ಆ ಕಡೆ ಕಾಲಿಡಲಿಲ್ಲ. ಒಳಗೆ ಇಂಥದೊಂದು ಊರಿದೆ ಎಂದು ಆ ಮನುಷ್ಯ ಒಂದೇ ಒಂದು ಮಾತು ಹೇಳಿದ್ದರೆ! ಅವರಿಗೆ ಗೊತ್ತಿತ್ತೋ ಇಲ್ಲವೋ. ಗೊತ್ತಿದ್ದು ಹೇಳದೆ ಇದ್ದರೆ ಅದಕ್ಕಿಂತ ದೊಡ್ಡ ಕಳ್ಳತನ ಇನ್ನೊಂದಿಲ್ಲ.

ಸಾಮಾನು ಕಳಿಸುವುದನ್ನು ನಮ್ಮ ಜನ ನಿಲ್ಲಿಸಿ ಬಹಳ ವರ್ಷವಾಗಿತ್ತು. ಈಗ ಶಾಲೆಯಲ್ಲಿ, ಮಿಲ್ಲಿನಲ್ಲಿ, ರೇಷನ್ ಅಂಗಡಿಯಲ್ಲಿ ಸಿಗುವುದು ‘ಬಿಳಿ’. ಪೊಟ್ಟಣದ ಮೇಲೆ ಬೇರೆ ಹೆಸರಿದೆ, ಜನರ ಬಾಯಲ್ಲಿ ಬಿಳಿ. ಪಾಲಿಶ್ ಮಾಡಿದ ಅಕ್ಕಿಯ ಹಿಟ್ಟು, ಸಕ್ಕರೆ, ಎಣ್ಣೆ, ಹಾಲಿನ ಪುಡಿ, ಇವು ಬೇರೆಯಾಗದಂತೆ ಹಿಡಿದಿಡುವ ಸೋಪಿನಂಥದೊಂದು. ಅಗಿಯಬೇಕಿಲ್ಲ, ತಟ್ಟೆ ತೊಳೆಯಬೇಕಿಲ್ಲ. ಬಾಯಿಗೆ ಒತ್ತಿಕೊಂಡರೆ ಊಟ ಮುಗಿಯಿತು. ಅದಷ್ಟೂ ಮೇಲಿನ ಕರುಳಲ್ಲೇ ಕರಗಿಹೋಗುತ್ತದೆ, ಕೆಳಗಿನ ಊರಿಗೆ ಒಂದು ಕಾಳೂ ಇಳಿಯುವುದಿಲ್ಲ. ಓಣಿಯಲ್ಲಿ ಎದುರಾದವರು ‘ಊಟ ಆತೇನ್ರಿ’ ಅನ್ನುವುದನ್ನು ಬಿಟ್ಟು ‘ಬಿಳಿ ಆತೇನ್ರಿ’ ಅನ್ನುತ್ತಾರೆ. ಜೋಳ ಸಿಗುವುದು ದನದ ಮೇವಿನ ಅಂಗಡಿಯಲ್ಲಿ. ದನಗಳು ಆರೋಗ್ಯವಾಗಿವೆ.

ನಮ್ಮ ಅಕ್ಕ ಹುಲಿಗೆವ್ವನನ್ನು ಬೆಟಗೇರಿಗೆ ಕೊಟ್ಟಿತ್ತು. ಸೀರೆಗೆ ಕುಚ್ಚು ಕಟ್ಟುವುದು ಅವಳ ಕೆಲಸ. ಎರಡು ವರ್ಷದಿಂದ ಅವಳಿಗೆ ಕರುಳುರಿ. ದಿನಕ್ಕೆ ಹದಿನೈದು ಸಲ ಹೊಟ್ಟೆ ಕಿವುಚಿ ರಕ್ತ ಹೋಗುತ್ತಿತ್ತು. ಕುಚ್ಚಿನ ಗಂಟನ್ನು ಪಾಯಿಖಾನೆಯ ಬಾಗಿಲಿಗೇ ತಂದಿಟ್ಟುಕೊಂಡು, ಅಲ್ಲೇ ಮಣೆ ಹಾಕಿ ಕೂತು ಕಟ್ಟುತ್ತಿದ್ದಳು. ಕೊಟ್ಟ ಔಷಧವೆಲ್ಲ ಕೊಟ್ಟು ಸಾಕಾಗಿ ಅವಳ ಕರುಳಿನ ಚೂರನ್ನೂ ನಮ್ಮ ಕಟ್ಟಡಕ್ಕೆ ಕಳಿಸಿದರು. ಕೊಳವೆಗಳ ಮೇಲೆ ಹೆಸರಿರುವುದಿಲ್ಲ, ನಂಬರು ಮಾತ್ರ. ಆದರೆ ಡಬ್ಬಿಯನ್ನು ಆಸ್ಪತ್ರೆಯಿಂದ ಸೈಕಲ್ಲಿನಲ್ಲಿ ತಂದವನು ನಾನೇ. ಹದಿನೇಳು.

ಒಂದು ದಿನ ಅಕ್ಕ ನಮ್ಮ ಮನೆಗೆ ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಓಣಿಯಲ್ಲಿ ಇನ್ನೂ ರೊಟ್ಟಿ ಬಡಿಯುವ ಸಪ್ಪಳ ಬರುವುದು ನಮ್ಮ ಮನೆಯಿಂದ ಮಾತ್ರ. ಅಕ್ಕ ಒಲೆಯ ಮುಂದೆ ಕೂತಳು.

“ಯವ್ವಾ, ಒಂದ ತುತ್ತು.”

“ಬ್ಯಾಡವಾ. ಡಾಕ್ಟರು ಏನಂದಾರ? ಬಿಳಿ ಅಷ್ಟ.”

“ಹಂಗಾದ್ರ ಕೈಯಾಗರ ಕೊಡು.”

ಅವ್ವ ಬಿಸಿ ರೊಟ್ಟಿಯನ್ನು ಅವಳ ಅಂಗೈ ಮೇಲೆ ಇಟ್ಟಳು. ಅಕ್ಕ ಅದನ್ನು ಮೂಗಿಗೆ ಹಿಡಿದುಕೊಂಡು ಆರುವವರೆಗೆ ಕೂತಳು. ಆಮೇಲೆ ವಾಪಸು ಬುಟ್ಟಿಗೆ ಹಾಕಿ, “ಇದನ್ನ ಪಕ್ಯಾಗ ಕಟ್ಟಿ ಕೊಡು, ಇವನ ಹೊಟ್ಟಿ ಗಟ್ಟಿ ಐತಿ, ಕಲ್ಲು ಕೊಟ್ರೂ ತಿಂತಾನ” ಎಂದು ನಕ್ಕಳು. ಅವಳು ನನ್ನನ್ನು ಕರೆಯುವುದೇ ಪಕ್ಯಾ ಅಂತ.

ಮರುದಿನ ಮಧ್ಯಾಹ್ನ ಇಪ್ಪತ್ನಾಲ್ಕೂ ಕೊಳವೆಗೆ ಬಿಳಿ ಹಾಕಿ ಮುಗಿಸಿ, ಡಬ್ಬಿ ಬಿಚ್ಚಿದೆ. ಅದೇ ರೊಟ್ಟಿ. ಎದುರಿಗೆ ಹದಿನೇಳು ಕೆಂಪಗೆ ಉರಿಯುತ್ತಿತ್ತು. ಅಕ್ಕ ಎದುರಿಗೆ ಕೂತಿದ್ದಾಳೆ, ನಾನೊಬ್ಬನೇ ಹೇಗೆ ತಿನ್ನಲಿ? ನಮ್ಮಲ್ಲಿ ಹಾಗೆ ತಿನ್ನುವ ರೂಢಿಯಿಲ್ಲ. ಎದುರಿಗಿದ್ದವರ ಕೈಗೊಂದು ಚೂರು ಹಾಕದೆ ತುತ್ತು ಗಂಟಲಿಗಿಳಿಯುವುದಿಲ್ಲ. ಎಳ್ಳುಕಾಳಿನಷ್ಟು ರೊಟ್ಟಿ ಮುರಿದು, ಮಜ್ಜಿಗೆಯಲ್ಲಿ ಅರೆದು, ಹೊಟ್ಟೆಯ ರಸ ಕೂಡಿಸುವ ಯಂತ್ರದಲ್ಲಿ ದಾಟಿಸಿ, ಹದಿನೇಳರ ಬಾಯಿಗೆ ಬಿಟ್ಟೆ. ಕೆಲಸ ಹೋಗುವಂಥ ತಪ್ಪು ಅದು. ಅವಳು ತಿಂದದ್ದನ್ನಷ್ಟೇ ಅದು ತಿನ್ನಬೇಕು, ಅದೇ ಅಲ್ಲಿನ ಕಾನೂನು. ಗೊತ್ತಿದ್ದೇ ಮಾಡಿದೆ.

ಮರುದಿನ ಎರಡು ಎಳ್ಳಿನಷ್ಟು. ವಾರ ಕಳೆದ ಮೇಲೆ ಹೆಸರುಕಾಳಿನಷ್ಟು. ಒಂದೊಂದು ದಿನ ಪುಂಡಿಪಲ್ಯ, ಒಂದೊಂದು ದಿನ ಅಲಸಂದಿ ಕಾಳು, ರಾತ್ರಿಯೆಲ್ಲ ಹುಳಿ ಬಂದ ಅಂಬಲಿ. ನನ್ನ ಡಬ್ಬಿಯಲ್ಲಿ ಏನಿತ್ತೋ ಅದರಲ್ಲಿ ಅವಳ ಪಾಲು. ಎಪ್ಪತ್ತನೆಯ ದಿನ ಬೆಳಗ್ಗೆ ಬಾಗಿಲು ತೆಗೆದಾಗ ಕೆಂಪು ದೀಪಗಳ ಸಾಲಿನ ನಡುವೆ ಒಂದು ಜಾಗದಲ್ಲಿ ಭತ್ತದ ಸಸಿಯಂಥ ತೆಳು ಹಸಿರು. ಲೆನ್ಸಿಗೆ ಕಣ್ಣಿಟ್ಟೆ. ಲೋಳೆ ಮರಳಿ ಬೆಳೆದಿತ್ತು. ಮೊದಲ ದಿನ ಹುಡುಕಿದರೂ ಸಿಗದಿದ್ದ ಒಂದು ಜಾತಿ, ಸಣ್ಣ ದುಂಡು ಕಡ್ಡಿಗಳು, ಈಗ ಎಲ್ಲೆಲ್ಲೂ. ಜೋಳದ ಹೊಟ್ಟಿನ ಒಂದೊಂದು ಚೂರಿಗೆ ನೂರಾರು ಮುತ್ತಿಕೊಂಡು ಬಿಚ್ಚುತ್ತಿದ್ದವು. ದನದ ಮೇವು ಎಂದು ನಾವು ಎಸೆದದ್ದು! ಅದು ಅವುಗಳ ಬಾಯಲ್ಲಿ ಬೆಳಕಾಗಿ ಗೋಡೆಗೆ ಹತ್ತುತ್ತಿತ್ತು. ಎಷ್ಟು ಹೊತ್ತು ನಿಂತಿದ್ದೆನೋ, ಪ್ರಲ್ಹಾದ ಸರ್ ಬಂದು “ಏ ಅಡಗಿ ಭಟ್ಟಾ, ಪೂಜಾ ಮುಗೀತೇನು?” ಎಂದಾಗಲೇ ಎಚ್ಚರ.

ಆಮೇಲೆ ನಾನು ಮಾಡಿದ್ದೇ ದೊಡ್ಡ ಹೇಸಿ ಕೆಲಸ. ಕೊಳವೆಗೆ ಆದದ್ದು ಅಕ್ಕನಿಗೂ ಆಗಲೇಬೇಕಲ್ಲ ಎಂದುಕೊಂಡು, ಒಂದಿಡೀ ರೊಟ್ಟಿ ಪಲ್ಯ ಕಟ್ಟಿಕೊಂಡು ಬೆಟಗೇರಿಗೆ ಹೋದೆ. ಅಕ್ಕನ ಅತ್ತೆ ಮನೆಯಲ್ಲಿರಲಿಲ್ಲ. ಅಕ್ಕ ಕಣ್ಣು ಮುಚ್ಚಿಕೊಂಡು ಒಂದು ಚೂರೂ ಬಿಡದೆ ತಿಂದಳು. ಮೂರು ದಿನ ರಕ್ತ ನಿಲ್ಲಲಿಲ್ಲ. ಆಸ್ಪತ್ರೆಗೆ ಹೊತ್ತೊಯ್ದರು. ಏನು ತಿಂದೆ ಎಂದು ಕೇಳಿದವರಿಗೆ ಅವಳು ಬಿಳಿ ಅಂತಲೇ ಹೇಳಿದಳು. ಶಸ್ತ್ರಚಿಕಿತ್ಸೆಯ ಡಾಕ್ಟರು ಅವತ್ತೇ ತಾರೀಖು ಬರೆದರು. ನಾಗರ ಪಂಚಮಿ ಕಳೆದ ಮೇಲಿನ ಗುರುವಾರ. ದೊಡ್ಡ ಕರುಳು ಪೂರ್ತಿ ತೆಗೆದು, ಹೊಟ್ಟೆಗೆ ತೂತು ಮಾಡಿ ಚೀಲ ಕಟ್ಟುವುದು. ಹಾಗೆ ಬದುಕಿದವರು ಬಹಳ ಜನ ಇದ್ದಾರೆ, ಚೆನ್ನಾಗಿಯೇ ಇದ್ದಾರೆ. ಆದರೆ ಆ ತಾರೀಖನ್ನು ನನ್ನ ರೊಟ್ಟಿ ಬರೆಸಿತ್ತು.

ಹಸಿರು ಹದಿನೇಳು, ಆಸ್ಪತ್ರೆಯಲ್ಲಿ ರಕ್ತ ಹರಿಸುವ ಅಕ್ಕ. ಕಂಟ್ರೋಲ್ ರೂಮಿನಲ್ಲಿ ಎಲ್ಲರ ತಲೆ ಕೆಟ್ಟುಹೋಯಿತು.

“ಮೇಡಂ, ಹದಿನೇಳು ಸುಳ್ಳು ಹೇಳ್ಲಿಕ್ಕೆ ಹತ್ಯದ” ಎಂದರು ಪ್ರಲ್ಹಾದ ಸರ್. “ರೋಗಿ ಸಾಯ್ಲಿಕ್ಕೆ ಬಿದ್ದಾಳ, ಇದು ನೋಡಿದ್ರ ದೀಪಾವಳಿ ಮಾಡ್ಲಿಕ್ಕೆ ಹತ್ಯದ. ಎಲ್ಲೋ ಹೊರಗಿನ ಸೋಂಕು. ಚೆಲ್ಲಿಬಿಡೂಣು.”

ಮೇಡಂ ಬಹಳ ಹೊತ್ತು ಪರದೆ ನೋಡಿದರು. “ಪಂಚಮಿ ಮುಗೀಲಿ. ಆಮ್ಯಾಲೆ ಚೆಲ್ಲೂಣು.”

ನಾನು ಬಾಗಿಲಲ್ಲಿ ಬಕೆಟ್ಟು ಹಿಡಿದು ನಿಂತಿದ್ದೆ. ಹೇಳಿದರೆ ನನ್ನನ್ನು ಹೊರಗೆ ಹಾಕುತ್ತಾರೆ, ಹೊಸಬ ಬಂದು ಹದಿನೇಳಕ್ಕೆ ಬಿಳಿ ಹಾಕುತ್ತಾನೆ. ಹೇಳದಿದ್ದರೆ ಚೆಲ್ಲುತ್ತಾರೆ. ರೊಟ್ಟಿ ಒಳ್ಳೆಯದೋ ವಿಷವೋ ನನಗೇ ಗೊತ್ತಿರಲಿಲ್ಲ. ಒಂದು ಕೊಳವೆ ಹೂಂ ಅಂದಿತ್ತು, ಒಂದು ಹೊಟ್ಟೆ ಊಹೂಂ ಅಂದಿತ್ತು. ನಾನು ಬಾಯಿ ಮುಚ್ಚಿಕೊಂಡೆ.

ಪಂಚಮಿಗೆ ಎರಡು ದಿನ ಮೊದಲು ನಮ್ಮ ಕಡೆ ರೊಟ್ಟಿ ಹಬ್ಬ. ಎಲ್ಲರೂ ಬಿಳಿ ತಿನ್ನುವ ಈ ಕಾಲದಲ್ಲೂ ಅವತ್ತೊಂದು ದಿನ ಮುದುಕಿಯರು ಹಂಚು ಕಾಯಿಸುತ್ತಾರೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ಕಟಿ ರೊಟ್ಟಿ, ಕಾಳುಪಲ್ಯ, ಗುರೆಳ್ಳು ಚಟ್ನಿ. ಅದನ್ನು ತಟ್ಟೆಯಲ್ಲಿಟ್ಟು ಮನೆಮನೆಗೆ ಬೀರಬೇಕು. ಅವ್ವ ಅವತ್ತು ನನ್ನ ಕೈಗೆ ದೊಡ್ಡ ಗಂಟನ್ನೇ ಕೊಟ್ಟಳು.

“ನಿಮ್ಮ ಆಫೀಸಿನಾಗ ಎಲ್ಲಾರಿಗೂ ಕೊಡು. ಒಬ್ಬರಿಗೆ ಕೊಟ್ಟು ಬಾಜೂದವರನ್ನ ಬಿಟ್ಟಿ ಅಂದ್ರ, ಅದು ಹಬ್ಬ ಅಲ್ಲ, ಪಾಪ.”

ಆಫೀಸಿನಲ್ಲಿ ಮೇಡಂ ಒಂದು ತಗೊಂಡರು, ಪ್ರಲ್ಹಾದ ಸರ್ ನಾಲ್ಕು. ಉಳಿದ ಗಂಟು ಹಿಡಿದು ಕತ್ತಲೆ ಕೋಣೆಗೆ ಹೋದೆ. ಹದಿನೇಳಕ್ಕೆ ಅದರ ಪಾಲು ಕೊಟ್ಟೆ. ಪಂಚಮಿ ಮುಗಿದ ಮೇಲೆ ಇದನ್ನು ಚೆಲ್ಲುತ್ತಾರೆ, ಇದೇ ಇದರ ಕೊನೆಯ ಹಬ್ಬ ಎಂದುಕೊಂಡೆ. ಕೈ ತೊಳೆದು ಹೊರಡಬೇಕೆಂದಾಗ ಹದಿನಾರೂ ಹದಿನೆಂಟೂ ನನ್ನನ್ನೇ ನೋಡಿದ ಹಾಗಾಯಿತು. ಅವೂ ಒಬ್ಬೊಬ್ಬರ ಹೊಟ್ಟೆ. ಅವರ ಹಿಂದೆಯೂ ಯಾರೋ ಒಬ್ಬಳು ರೊಟ್ಟಿ ಮೂಸಿ ನೋಡಿ ಬುಟ್ಟಿಗೆ ಹಾಕಿರಬೇಕು. ರೊಟ್ಟಿ ಹಬ್ಬದ ದಿನ ಒಂದು ಮನೆಗೆ ಕೊಟ್ಟು ಇಪ್ಪತ್ತಮೂರು ಮನೆ ದಾಟಿಕೊಂಡು ಹೋಗಲೇ? ಅಕ್ಕನಿಗೆ ಆದದ್ದು ನೆನಪಿಗೆ ಬರಲಿಲ್ಲವೇ ಅಂದರೆ, ಬಂತು. ಇವು ಕೊಳವೆ, ಕೊಳವೆಗೆ ಒಗ್ಗಿದ್ದನ್ನು ಕಣ್ಣಾರೆ ಕಂಡಿದ್ದೇನಲ್ಲ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಎಲ್ಲಕ್ಕೂ ಅರೆದೆ. ಹಬ್ಬವಲ್ಲವೇ, ಕೈ ಧಾರಾಳವಾಯಿತು.

ಮರುದಿನ ಬೆಳಗ್ಗೆ ಕೋಣೆಯ ಹೊರಗೇ ಗಂಟೆ ಬಡಿದುಕೊಳ್ಳುತ್ತಿತ್ತು. ಒಳಗೆ ಒಂಬತ್ತು ಕೊಳವೆಗಳಲ್ಲಿ ಹಸಿರಿನ ಸುಳಿವು. ಹತ್ತು ಇದ್ದ ಹಾಗೇ ಇದ್ದವು. ನಾಲ್ಕು ಮಾತ್ರ ಹಿಂದೆಂದೂ ಕಾಣದಂಥ ಕೆಂಪು, ಗಾಜು ಒಡೆದು ಹೊರಗೆ ಬರುತ್ತದೆಯೇನೋ ಅನ್ನುವಷ್ಟು. ಪ್ರಲ್ಹಾದ ಸರ್ ಬೆವರುತ್ತಿದ್ದರು.

“ಮೂರು, ಎಂಟು, ಹನ್ನೊಂದು, ಇಪ್ಪತ್ತೆರಡು. ನಾಲ್ಕೂ ಮಂದಿಗೆ ಫೋನ್ ಮಾಡ್ತೀನಿ ಮೇಡಂ. ಇವತ್ತs ಅಡ್ಮಿಟ್ ಆಗಬೇಕು, ದೊಡ್ಡ ಡೋಸ್ ಸುರು ಮಾಡಬೇಕು. ಮೂರು ದಿನದಾಗ ಇವರಿಗೂ ಹಿಂಗs ಆಗ್ತದ.”

ಅವರ ಕೈ ಫೋನಿನ ಮೇಲಿತ್ತು. ಎಲ್ಲೋ ಒಬ್ಬ ಮನುಷ್ಯ ಚೆನ್ನಾಗಿ ಚಹಾ ಕುಡಿಯುತ್ತ ಕೂತಿರುತ್ತಾನೆ. ನನ್ನ ಹಬ್ಬದಿಂದ ಅವನ ತೋಳಿಗೆ ಸೂಜಿ ಹೋಗುತ್ತದೆ.

“ಮಾಡಬ್ಯಾಡ್ರಿ ಸರ್” ಎಂದೆ. “ಅವರಿಗೆ ಏನೂ ಆಗಂಗಿಲ್ಲ. ನಾ ನಿನ್ನೆ ರೊಟ್ಟಿ ಬೀರೇನಿ.”

“ಏನ್ ಮಾಡಿ?”

“ರೊಟ್ಟಿ. ಹಬ್ಬ ಇತ್ತಲ್ರಿ. ಎಲ್ಲಾಕ್ಕೂ ಕೊಟ್ಟೆ.”

ಪ್ರಲ್ಹಾದ ಸರ್ ಕುರ್ಚಿಯಿಂದ ಎದ್ದು, “ಲೇ, ಇವು ಗಾಜಿನ ಕೊಳವಿ ಅವ! ನಿಮ್ಮ ಓಣಿ ಮಂದಿ ಅಲ್ಲಾ!” ಎಂದು ಚೀರಿದರು. ನಾಲ್ಕು ವರ್ಷದ ಕೆಲಸ, ದಾಖಲೆ, ಎಲ್ಲ ಮಣ್ಣುಪಾಲಾಯಿತು ಎಂದು ತಲೆ ಮೇಲೆ ಕೈ ಹೊತ್ತರು. ಮೇಡಂ ಕೂಗಾಡಲಿಲ್ಲ. ಅವರ ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು.

“ಹದಿನೇಳಕ್ಕೂ ನೀನs ಏನು?”

“ಹೂಂ ರೀ. ಅದು ನಮ್ಮ ಅಕ್ಕಂದು.”

“ಎಷ್ಟು ದಿನ?”

“ನೂರಾ ಎಂಟು. ಆಕಿಗೂ ಒಂದ್ಸಲ ತಿನ್ನಿಸೇನ್ರಿ. ರಕ್ತ ಬಿತ್ತು. ತಾರೀಖು ಬಂದದ್ದು ಅದರಿಂದನ.”

ಅಲ್ಲಿಗೆ ಎಲ್ಲ ಹೇಳಿದ ಹಾಗಾಯಿತು. ಮೇಡಂ ನನ್ನ ಕಪಾಳಕ್ಕೆ ಹೊಡೆದಿದ್ದರೆ ಸಮಾಧಾನವಾಗುತ್ತಿತ್ತು. ಅವರು ಕಾಗದ ತೆಗೆದುಕೊಂಡು ಒಂದೊಂದು ದಿನ ಎಷ್ಟೆಷ್ಟು ಹಾಕಿದೆ ಎಂದು ಕೇಳಿದರು. ಎಳ್ಳು, ಎರಡು ಎಳ್ಳು, ಹೆಸರು, ಅಲಸಂದಿ. ನಾನು ಹೇಳಿದ ಹಾಗೇ ಕಾಳಿನ ಹೆಸರಲ್ಲೇ ಬರೆದುಕೊಂಡರು. ಬರೆಯುತ್ತ ಬರೆಯುತ್ತ ಅವರ ಪೆನ್ನು ನಿಧಾನವಾಯಿತು.

“ನೀ ಮಾಡಿದ್ದು ತಪ್ಪು. ಮಾಫಿ ಇಲ್ಲ. ಇವತ್ತಿನಿಂದ ನಿನಗ ಇಲ್ಲಿ ಕೆಲಸಿಲ್ಲ” ಎಂದರು. “ಆದ್ರ ಇದನ್ನ ನೋಡು. ಹದಿನೇಳಕ್ಕ ನೂರಾ ಎಂಟು ದಿನ ತಗೊಂಡಿ. ಅಕ್ಕಗ ಒಂದs ದಿನ. ಈ ನಾಕಕ್ಕೂ ಒಂದs ದಿನ. ನಾರು ಬಿಚ್ಚೋ ಜಾತಿ ಅಲ್ಲಿ ಇದ್ದೂ ಇಲ್ಲದಂಗ ಇತ್ತೋ. ಬಿಚ್ಚೋರಿಲ್ಲದ ಮನಿಗೆ ಗಾಡಿ ತುಂಬ ಮಾಲು ಇಳಿಸಿದ್ರ ಏನಾಗ್ತೈತಿ? ಅದು ಗೋಡಿಗೆ ಚುಚ್ಚಿತು. ರೊಟ್ಟಿ ಔಷಧಾನೂ ಅಲ್ಲ, ವಿಷಾನೂ ಅಲ್ಲ.”

“ಮತ್ತ ಅಕ್ಕಗ ಈಗಿಂದ ಎಳ್ಳು ಎಳ್ಳು ಕೊಟ್ರ?”

“ಗುರುವಾರಕ್ಕ ಎಷ್ಟು ದಿನ ಐತಿ?”

ಏಳು ದಿನ ಇತ್ತು. ಮೇಡಂ ಎದ್ದು ಕಪ್ಪು ಪರದೆ ಸರಿಸಿ ಹದಿನೇಳರ ಮುಂದೆ ನಿಂತರು. ಅದರ ಬೆಳಕು ಅವರ ಮುಖದ ಮೇಲೆ ಬಿದ್ದಿತ್ತು. ಇಪ್ಪತ್ತು ವರ್ಷ ಕರುಳು ನೋಡಿದ ಹೆಂಗಸು, ಮೊದಲ ಸಲ ಸಮುದ್ರ ಕಂಡವರ ಹಾಗೆ ನಿಂತಿದ್ದರು.

“ಆದ್ರ ಇವು ಆಕಿವs” ಎಂದರು, ತಮಗೆ ತಾವೇ ಹೇಳಿಕೊಂಡ ಹಾಗೆ. “ಆಕಿ ಹೊಟ್ಟ್ಯಾಗ ಉಪವಾಸ ಸಾಯಾಕ ಬಿದ್ದಿದ್ದವು. ಇಲ್ಲಿ ಬಂದು ಕೋಟಿ ಕೋಟಿ ಆಗ್ಯಾವು. ಆಕಿ ನೂರು ದಿನ ಕಾಯೂದು ಬ್ಯಾಡ. ಇವ ವಾಪಸ್ ಹೋಗ್ಲಿ.”

ರಕ್ತ ತಗ್ಗಿ ಅಕ್ಕ ಮನೆಗೆ ಮರಳಿದ್ದಳು, ಆದರೆ ಬೆಟಗೇರಿಯಲ್ಲಿ ಅದು ಸುಲಭವಾಗಲಿಲ್ಲ. ಅಕ್ಕನ ಅತ್ತೆ ಸಾಂವಕ್ಕ ವಿಷಯ ಕೇಳಿ ಸೆರಗಿನಿಂದ ಮೂಗು ಮುಚ್ಚಿಕೊಂಡರು.

“ಅಂದ್ರ? ಕೊಳವ್ಯಾಗಿನ ಹೊಲಸು ತಂದು ಹೊಟ್ಟಿಗೆ ಹಾಕ್ತಾರ? ಹುಚ್ಚು ಹಿಡದೈತೇನು ನಿಮಗ? ಮಂದಿ ಹೊಲಸು!”

“ಮಂದೀದಲ್ಲ ಅತ್ತೀ. ನಂದs” ಎಂದಳು ಅಕ್ಕ.

ಅಕ್ಕನ ಗಂಡ, ಕಳಕಪ್ಪ ಮಾವ, ಗೋಡೆಗೆ ಒರಗಿ ನಿಂತಿದ್ದ. ಎರಡು ವರ್ಷ ಹೆಂಡತಿಯ ರಕ್ತದ ಬಟ್ಟೆಯನ್ನು ಯಾರಿಗೂ ಹೇಳದೆ ಒಗೆದವನು ಅವನು. ಇದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಅಲ್ಲಿಯವರೆಗೆ ನಾನು ಅವನನ್ನೂ ಬೈದುಕೊಂಡೇ ಇದ್ದೆ. ಅವನು ಕೇಳಿದ್ದು ಒಂದೇ ಮಾತು. “ಆಗದಿದ್ರ?”

“ಆರು ವಾರ ಅಷ್ಟ ಕೊಟ್ಟಾರ ಮಾವ. ನಡುವ ರಕ್ತ ಹೆಚ್ಚಾದ್ರ ಅವತ್ತs ಆಪರೇಷನ್. ಕೊಯ್ಯೋ ಡಾಕ್ಟರು ಬರದು ಕೊಟ್ಟಾರ.”

“ಪಕ್ಯಾ” ಎಂದಳು ಅಕ್ಕ. ಅವಳ ಕಣ್ಣು ಗುಳಿಬಿದ್ದಿದ್ದವು. “ಹೋದಸಲ ನೀ ಕೊಟ್ಟಿ, ನಾ ತಿಂದೆ. ಕೇಳಲಿಲ್ಲ. ಈ ಸಲ ಕೇಳ್ತೀನಿ. ಅವನ್ನ ನೀ ನೋಡೀಯೇನು? ಕಣ್ಣಾರೆ?”

“ನೋಡೇನಕ್ಕ.”

“ಹೆಂಗ ಅದಾವು?”

ನನಗೆ ಬಾಯಿಗೆ ಬಂದದ್ದೆಲ್ಲ ಸಣ್ಣದಾಗಿ ಕಂಡಿತು. ಮಿಂಚುಹುಳ ಅನ್ನಲೇ, ಚಿಕ್ಕೆ ಅನ್ನಲೇ? “ಕೆಲಸ ಮಾಡಾಕತ್ಯಾವಕ್ಕ” ಎಂದೆ. “ಒಂದೂ ಸುಮ್ಮನ ಕುಂತಿಲ್ಲ.”

“ಹಂಗಾದ್ರ ಬರ್ಲಿ” ಎಂದಳು ಅಕ್ಕ, ಅರ್ಧ ಕಟ್ಟಿದ ಕುಚ್ಚನ್ನು ಮಡಿಸಿಟ್ಟು. ಸಾಂವಕ್ಕ ಮೂರು ದಿನ ಯಾರ ಜೊತೆಗೂ ಮಾತಾಡಲಿಲ್ಲ. ನಾಲ್ಕನೆಯ ದಿನ ಆಸ್ಪತ್ರೆಗೆ ಹೊರಟ ಆಟೋದಲ್ಲಿ ಎಲ್ಲರಿಗಿಂತ ಮೊದಲು ಹತ್ತಿ ಕೂತವರೂ ಅವರೇ.

ಹದಿನೇಳನ್ನು ಖಾಲಿ ಮಾಡಿ, ಸೋಸಿ, ಸಣ್ಣ ನಳಿಗೆಯಿಂದ ಅಕ್ಕನ ಕರುಳಿಗೆ ಇಳಿಸಿದರು. ಹೆಬ್ಬೆರಳು ಗಾತ್ರದ ಮೂರು ಸೀಸೆ, ಅಷ್ಟೇ. ಅದರೊಳಗೆ ಭೂಮಿಯ ಮೇಲಿರುವ ಮನುಷ್ಯರಿಗಿಂತ ಹೆಚ್ಚು ಜೀವ ಕೂತು ಹೋಯಿತು. ಅವತ್ತಿನಿಂದ ಎಳ್ಳಿನ ಲೆಕ್ಕ ಮತ್ತೆ ಸುರುವಾಯಿತು. ಈ ಸಲ ಬರೆದು ಕೊಟ್ಟವರು ಮೇಡಂ, ಅರೆದು ಕೊಟ್ಟವಳು ಅವ್ವ. ಔಷಧವನ್ನೂ ಬಿಡಲಿಲ್ಲ. ಮೊದಲ ವಾರ ಏನೂ ಆಗಲಿಲ್ಲ. ಎರಡನೆಯ ವಾರ ಹೊಟ್ಟೆ ಡೊಳ್ಳಿನಂತೆ ಉಬ್ಬಿ ಅಕ್ಕ ನನ್ನ ಏಳು ತಲೆಮಾರನ್ನು ಬೈದಳು. ಅವೆಲ್ಲ ಅವಳ ತಲೆಮಾರೂ ಹೌದು ಎಂದದ್ದಕ್ಕೆ ನಗಲು ಹೋಗಿ ಹೊಟ್ಟೆ ಹಿಡಿದುಕೊಂಡಳು. ಮೂರನೆಯ ವಾರ ಹದಿನೈದು ಸಲ ಓಡುತ್ತಿದ್ದವಳು ಒಂಬತ್ತು ಸಲ. ಆಮೇಲೆ ಆರು. ಒಂದು ದಿನ ಮತ್ತೆ ರಕ್ತ ಕಂಡಿತು. ಮಾವ ಆಟೋ ಕರೆದು ಬಾಗಿಲಲ್ಲಿ ನಿಲ್ಲಿಸಿಕೊಂಡೇ ಕೂತ. ಸಂಜೆಗೆ ನಿಂತಿತು. ಯಾರೂ ಹಿಗ್ಗಲಿಲ್ಲ. ಹಿಗ್ಗುವ ಧೈರ್ಯ ಯಾರಿಗೂ ಇರಲಿಲ್ಲ.

ಅತ್ತ ಆ ನಾಲ್ಕು ಅವಳಿಗಳಲ್ಲಿ ಎರಡು ಉಳಿದವು, ಎರಡು ಸತ್ತವು. ಸತ್ತ ಎಂಟನೇ ಕೊಳವೆಯ ರೋಗಿ, ರೋಣದ ಬಸ್ ಕಂಡಕ್ಟರು, ಕರುಳಿನ ಚೂರು ಕೊಡಲು ಎರಡನೆಯ ಸಲ ನಳಿಗೆ ಹಾಕಿಸಿಕೊಳ್ಳಬೇಕಾಯಿತು. ಅವರ ಕಾಲು ಹಿಡಿಯಲು ಹೋದೆ. “ಕಾಲು ಬಿಡೋ ಮಾರಾಯ. ಹೇಳದ ಕೇಳದ ಒಬ್ಬನ ಹೊಟ್ಟಿಗೆ ಕೈ ಹಾಕಬಾರದು, ರೊಟ್ಟಿ ಇದ್ರೂ” ಎಂದರು.

ಆರು ವಾರ ತುಂಬಿದ ದಿನ ಅಕ್ಕನನ್ನು ಮಂಚದ ಮೇಲೆ ಮಗ್ಗುಲಾಗಿ ಮಲಗಿಸಿ ನಳಿಗೆಯ ಕ್ಯಾಮೆರಾ ಒಳಗೆ ಬಿಟ್ಟರು. ನಾನೀಗ ಅಲ್ಲಿನ ಕೆಲಸದವನಲ್ಲ, ರೋಗಿಯ ಕಡೆಯವನು. ಗೋಡೆಗೆ ಅಂಟಿಕೊಂಡು ನಿಲ್ಲು ಎಂದರು, ನಿಂತೆ. ಕೊಯ್ಯುವ ಡಾಕ್ಟರು ಪರದೆಯ ಮುಂದೆ ಕೈಕಟ್ಟಿ ಕೂತಿದ್ದರು. ಮಾತು ಕಡಿಮೆಯ ಮನುಷ್ಯ.

ಮೊದಲು ಕಂಡದ್ದು ಕೆಂಪು. ಒರಟು, ಹುಣ್ಣು, ಬಿಳಿಯ ಕಲೆ. ಕ್ಯಾಮೆರಾ ತಿರುವು ದಾಟಿತು.

ಅಲ್ಲಿಂದ ಮುಂದೆ ಗವಿಯೊಂದು ತೆರೆದುಕೊಳ್ಳುತ್ತ ಹೋಯಿತು. ನಸುಗೆಂಪು ಗೋಡೆ, ಮೂರು ಮೂಲೆಯ ಕಮಾನು, ಅದರಾಚೆ ಕಮಾನು, ಅದರಾಚೆ ಮತ್ತೊಂದು. ಮೇಲೆ ಈಗಷ್ಟೇ ನೀರು ಚಿಮುಕಿಸಿದಂಥ ಹೊಳಪು. ಹೊಳಪಿನ ಕೆಳಗೆ ರಕ್ತನಾಳಗಳು ಒಂದು ಎರಡಾಗಿ, ಎರಡು ನಾಲ್ಕಾಗಿ, ಹೊಳೆ ಹಳ್ಳಗಳ ನಕ್ಷೆಯಂತೆ ಕವಲೊಡೆದಿದ್ದವು. ಉರಿ ಇದ್ದಾಗ ಆ ನಾಳಗಳು ಕಾಣುವುದಿಲ್ಲ ಎಂದು ನನಗೆ ಗೊತ್ತಿತ್ತು. ಇಲ್ಲಿ ಬಣ್ಣ ಕುಡಿಸಿರಲಿಲ್ಲ, ಗಾಜಿರಲಿಲ್ಲ. ಬದುಕಿರುವ ಒಬ್ಬ ಹೆಂಗಸಿನ ಒಳಗು ಇದು, ಇಷ್ಟು ವರ್ಷ ಕತ್ತಲೆಯಲ್ಲೇ ಇದ್ದದ್ದು. ಮುಳಗುಂದ ಮೇಡಂ ನನ್ನ ಪಕ್ಕದಲ್ಲಿ ನಿಂತು ಪರದೆಯನ್ನೇ ನೋಡುತ್ತಿದ್ದರು.

ಡಾಕ್ಟರು ಕಟ್ಟಿದ್ದ ಕೈ ಬಿಟ್ಟರು. “ಕೆಳಗ ಒಂದು ಗೇಣು ಇನ್ನೂ ಕೆಟ್ಟೈತಿ. ಮ್ಯಾಲಿಂದು…” ಎಂದು ಪರದೆಯನ್ನು ಇನ್ನೊಮ್ಮೆ ನೋಡಿದರು. “ಮ್ಯಾಲಿಂದು ಕೊಯ್ಯಾಕ ನನಗೇನೂ ಕಾರಣ ಕಾಣವಲ್ದು. ಮೂರು ತಿಂಗಳಾದ ಮ್ಯಾಲೆ ಮತ್ತ ನೋಡೂಣು.”

ಅರ್ಧ ಮಂಪರಿನಲ್ಲಿದ್ದ ಅಕ್ಕ ಕಣ್ಣು ಬಿಟ್ಟಳು.

“ಏನಂದ್ರೋ ಪಕ್ಯಾ? ಕೊಯ್ತಾರ?”

“ಇಲ್ಲಕ್ಕ. ಈಗಿಲ್ಲ.”

ಅವಳು ಬೆರಳೆತ್ತಿ ನನ್ನನ್ನು ಅತ್ತ ಸರಿಯಲು ಸನ್ನೆ ಮಾಡಿದಳು. ನಾನು ಪರದೆಗೆ ಅಡ್ಡ ನಿಂತಿದ್ದೆ.

“ಸರಿಯೋ. ಎಲ್ಲಾರೂ ನೋಡಾಕತ್ತೀರಿ. ನನಗೂ ಕಾಣ್ಲಿ.”

ಸರಿದೆ. ಡಾಕ್ಟರು ಕ್ಯಾಮೆರಾ ಹೊರಗೆಳೆಯದೆ ಅಲ್ಲೇ ಹಿಡಿದು ನಿಲ್ಲಿಸಿದರು. ಅಕ್ಕ ಕೆನ್ನೆಯನ್ನು ದಿಂಬಿಗೆ ಒತ್ತಿಕೊಂಡು, ಆ ಕಮಾನುಗಳನ್ನು ಒಂದಾದ ಮೇಲೊಂದು ನೋಡುತ್ತ ಹೋದಳು.

“ಇಷ್ಟು ಚಂದ ಐತೇನೋ ಒಳಗ?” ಎಂದಳು.